ಹಳೆಯ ಗಣಕಯಂತ್ರವೂ ಹೊಸ ಸಂತೆಯೂ

ಬೆಂಗಳೂರಿನ ಪೂರ್ವ ದಿಕ್ಕಿನಲ್ಲಿ, ವೈಟ್‌ಫೀಲ್ಡಿಗೆ ಹೋಗುವ ದಾರಿಯಲ್ಲಿ, ಕುಂದಲಹಳ್ಳಿ ಎಂಬ ಊರಿದೆ. ಹಳ್ಳಿಯ ನೆನಪನ್ನು ತರುವ ಕೆರೆಯೊಂದು ಇನ್ನೂ ಅಲ್ಲಿರುವುದಾದರೂ, ಅದರ ಆಸುಪಾಸಿನಲ್ಲಿ ಈಗ ಎದ್ದು ಕಾಣುವುದು ಗಾಜಿನ ಗೋಡೆಗಳ ಕಚೇರಿಗಳು. 2023ನೆಯ ಇಸವಿಯ ಮಾರ್ಚ್ 25ರಂದು ಕೃಷ್ಣರಾಜಪುರದಿಂದ ವೈಟ್‌ಫೀಲ್ಡಿನವರೆಗೆ ಮೆಟ್ರೋ ರೈಲು ಓಡತೊಡಗಿದಾಗ ಕುಂದಲಹಳ್ಳಿಯ ಹೆಸರಿನಲ್ಲೊಂದು ನಿಲ್ದಾಣವೂ ಆಯಿತು. ಇಂತಹ ಊರಿನಲ್ಲಿ ಗಣಕಯಂತ್ರಗಳಿಗೆ ಬಹು ಬೇಗ ಮುಪ್ಪು ಬರುತ್ತದೆ. ಕಚೇರಿಗಳು ನಾಲ್ಕೈದು ವರ್ಷ ಬಳಸಿದ ಯಂತ್ರಗಳನ್ನು ಒಟ್ಟಾಗಿ ಮಾರಿಬಿಡುತ್ತವೆ. ಅವು ವ್ಯಾಪಾರಿಗಳ ಕೈಸೇರಿ, ಎಸ್. ಪಿ. ರಸ್ತೆಯ ಅಂಗಡಿಗಳನ್ನು ಹಾದು, ಕೊನೆಗೆ ವಿದ್ಯಾರ್ಥಿಗಳ ಬಾಡಿಗೆ ಕೊಠಡಿಗಳಿಗೆ ಬಂದು ನಿಲ್ಲುತ್ತವೆ.

ನಮ್ಮ ನೆರೆಯ ಕೊಠಡಿಯಲ್ಲಿ ಅಂತಹ ಯಂತ್ರವೊಂದಿತ್ತು. ಅದರ ಒಡೆಯ ಮಾಲೂರು ಕಡೆಯ ಹುಡುಗ. ಇಲ್ಲಿ ಕಾಲೇಜಿಗೆ ಹೋಗುತ್ತಿದ್ದನು. ಒಂದು ಸಂಜೆ ಆತನು ಬಂದು, “ಸಾರ್, ಪುಸ್ತಕ ತರಿಸೋಣವೆಂದರೆ ಕಂಪ್ಯೂಟರಿನಲ್ಲಿ ಪ್ರತಿ ಪುಟವೂ ಕೆಂಪಗೆ ಬರುತ್ತಿದೆ. ‘ಆದರೂ ಮುಂದುವರಿಯಿರಿ’ ಎಂಬುದನ್ನು ಒತ್ತಿ ಒಳಕ್ಕೆ ಹೋಗುತ್ತಿದ್ದೇನೆ. ಇದರಿಂದ ಏನೂ ತೊಂದರೆಯಿಲ್ಲ ತಾನೆ?” ಎಂದು ಕೇಳಿದನು. ಆತನ ಬ್ಯಾಂಕಿನ ಖಾತೆಯಲ್ಲಿ ನಾಲ್ಕು ಸಾವಿರ ರೂಪಾಯಿಗಳಿದ್ದವು. ಆತನ ತಂದೆ ರೇಷ್ಮೆಗೂಡನ್ನು ಮಾರಿ ಕಳುಹಿಸಿದ ಹಣ ಅದು. ಪುಸ್ತಕವೂ ಪರೀಕ್ಷೆಯ ಶುಲ್ಕವೂ ಅದರಲ್ಲಿಯೇ ಆಗಬೇಕಾಗಿತ್ತು.

ಹೋಗಿ ನೋಡಿದೆನು. ಪರದೆಯ ಮೂಲೆಯಲ್ಲಿ ಕಾಣುತ್ತಿದ್ದ ತಾರೀಖು 2009ನೆಯ ಇಸವಿಯ ಜನವರಿ 1! ಯಂತ್ರದ ಗಡಿಯಾರ ಹದಿನೈದು ವರ್ಷಗಳಿಗಿಂತಲೂ ಹಿಂದೆ ನಿಂತಿತ್ತು. ಅಂಗಡಿಯ ಬಾಗಿಲು ತೆರೆಯದಿರುವುದಕ್ಕೂ ಗಡಿಯಾರ ಹಿಂದುಳಿಯುವುದಕ್ಕೂ ಏನು ಸಂಬಂಧ? ಈ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಹೋದರೆ, ಅಂತರ್ಜಾಲದ ವ್ಯಾಪಾರ ಯಾವ ನಂಬಿಕೆಯ ಮೇಲೆ ನಿಂತಿದೆ ಎಂಬುದು ತಾನಾಗಿ ತಿಳಿಯುವುದು.

ಮುದ್ರೆಯೊತ್ತಿದ ತೂಕದ ಬಟ್ಟು

ಸಂತೆಯಲ್ಲಿ ನಾವು ಅಪರಿಚಿತ ವ್ಯಾಪಾರಿಯಿಂದ ಒಂದು ಕಿಲೋ ಬೇಳೆಯನ್ನು ಕೊಳ್ಳುತ್ತೇವೆ. ಆತನ ತೂಕದ ಬಟ್ಟು ಸರಿಯಾದುದೆಂದು ನಂಬುವುದು ಹೇಗೆ? ಸರಕಾರದ ಅಧಿಕಾರಿ ಅದನ್ನು ಪರೀಕ್ಷಿಸಿ ಮುದ್ರೆಯೊತ್ತಿರುತ್ತಾನೆ. ಆ ಮುದ್ರೆಗೆ ಅವಧಿಯುಂಟು. ಅವಧಿ ಮುಗಿದೊಡನೆ ಬಟ್ಟನ್ನು ಮತ್ತೆ ಪರೀಕ್ಷೆಗೆ ಒಪ್ಪಿಸಬೇಕು. ನಾವು ವ್ಯಾಪಾರಿಯನ್ನು ಅರಿಯೆವು, ಮುದ್ರೆಯನ್ನು ಬಲ್ಲೆವು. ಅಷ್ಟರಿಂದ ವ್ಯವಹಾರ ಸಾಗುತ್ತದೆ.

ಅಂತರ್ಜಾಲದ ಅಂಗಡಿಯ ಏರ್ಪಾಡೂ ಇದೇ ರೀತಿಯದು. ಪ್ರತಿಯೊಂದು ಜಾಲತಾಣವೂ ‘ಈ ವಿಳಾಸ ನನ್ನದು’ ಎಂಬುದಕ್ಕೆ ಸಾಕ್ಷಿಯಾಗಿ ಒಂದು ಪ್ರಮಾಣಪತ್ರವನ್ನು ತೋರಿಸುತ್ತದೆ. ಅದಕ್ಕೆ ಮುದ್ರೆಯೊತ್ತುವ ಸಂಸ್ಥೆಗಳು ಜಗತ್ತಿನಲ್ಲಿ ಕೆಲವು ಇವೆ. ಯಾವ ಯಾವ ಸಂಸ್ಥೆಯ ಮುದ್ರೆಯನ್ನು ನಂಬಬಹುದೆಂಬ ಪಟ್ಟಿ ನಮ್ಮ ಯಂತ್ರದೊಳಗೆ ಮೊದಲೇ ಅಡಕವಾಗಿರುತ್ತದೆ. ಜಾಲತಾಣವನ್ನು ತೆರೆದೊಡನೆ ನಮ್ಮ ಬ್ರೌಸರ್ ಎಂಬ ತಂತ್ರಾಂಶ ಮೂರು ಸಂಗತಿಗಳನ್ನು ಪರೀಕ್ಷಿಸುವುದು: ಪತ್ರದಲ್ಲಿರುವ ಹೆಸರು ನಾವು ಕೇಳಿದ ವಿಳಾಸಕ್ಕೆ ಹೊಂದುವುದೇ? ಮುದ್ರೆ ಪಟ್ಟಿಯಲ್ಲಿರುವ ಸಂಸ್ಥೆಯದೇ? ಇಂದಿನ ತಾರೀಖು ಪತ್ರದ ಅವಧಿಯೊಳಗೆ ಬೀಳುವುದೇ?

ಮೂರನೆಯ ಪ್ರಶ್ನೆಯಲ್ಲಿಯೇ ನಮ್ಮ ಹುಡುಗನ ಯಂತ್ರ ಎಡವಿದ್ದು. ಅದರ ಲೆಕ್ಕದಲ್ಲಿ ಅಂದು 2009ನೆಯ ಇಸವಿ. ಅಂಗಡಿಗಳು ತೋರಿಸುತ್ತಿದ್ದ ಪತ್ರಗಳೆಲ್ಲವೂ ಅದಕ್ಕೆ ಇನ್ನೂ ಹುಟ್ಟದೆ ಇದ್ದ ಪತ್ರಗಳು! ಪ್ರಮಾಣಪತ್ರಗಳ ಆಯುಷ್ಯವೂ ದಿನೇ ದಿನೇ ಕಡಮೆಯಾಗುತ್ತಿದೆ. 2020ನೆಯ ಇಸವಿಯ ಸೆಪ್ಟೆಂಬರಿನಿಂದ ಅದು 398 ದಿನಗಳನ್ನು ಮೀರುವಂತಿರಲಿಲ್ಲ. 2029ರ ಮಾರ್ಚ್ ವೇಳೆಗೆ ಅದನ್ನು 47 ದಿನಗಳಿಗೆ ಇಳಿಸಬೇಕೆಂದು 2025ರಲ್ಲಿ ತೀರ್ಮಾನವಾಯಿತು. ಆದುದರಿಂದ ಗಡಿಯಾರ ಸರಿಯಾಗಿರಬೇಕಾದ ಅವಶ್ಯಕತೆ ಮುಂದೆ ಇನ್ನಷ್ಟು ಹೆಚ್ಚುವುದು.

ಇನ್ನು, ಗಡಿಯಾರ ನಿಂತುದೇಕೆ? ಯಂತ್ರದ ಮುಖ್ಯ ಫಲಕದ ಮೇಲೆ ನಾಣ್ಯದಾಕಾರದ ಒಂದು ಪುಟ್ಟ ವಿದ್ಯುತ್ಕೋಶವಿರುತ್ತದೆ. ಅದರ ಬಲ ಮೂರು ವೋಲ್ಟ್. ಅಂಗಡಿಯಲ್ಲಿ ಅದನ್ನು ಸಿ.ಆರ್. 2032 ಎಂದು ಕೇಳಬೇಕು. ಗೋಡೆಯ ಸ್ವಿಚ್ಚನ್ನು ಆರಿಸಿದಾಗಲೂ ಗಡಿಯಾರ ನಡೆಯುವುದು ಇದರ ಬಲದಿಂದ. ಹಲವು ವರ್ಷಗಳಲ್ಲಿ ಕೋಶ ಬತ್ತಿಹೋಗುತ್ತದೆ. ನಮ್ಮ ಹುಡುಗನು ರಾತ್ರಿ ಜಾಗರೂಕತೆಯಿಂದ ಸ್ವಿಚ್ಚನ್ನು ಆರಿಸುತ್ತಿದ್ದನು. ಬೆಳಿಗ್ಗೆ ಯಂತ್ರವು ತಾನು ತಯಾರಾದ ಕಾಲಕ್ಕೆ ಹಿಂದಿರುಗುತ್ತಿತ್ತು. ಕೆಲವು ಹತ್ತು ರೂಪಾಯಿಗಳ ಹೊಸ ಕೋಶವನ್ನು ಹಾಕಿ, ತಾರೀಖನ್ನು ತಿದ್ದಿದ ಬಳಿಕ ಕೆಂಪು ಪುಟಗಳು ಮಾಯವಾದವು.

ಆದರೆ ಆ ಯಂತ್ರ ಮಾಡಿದ್ದ ಕೆಡುಕು ಗಡಿಯಾರಕ್ಕಿಂತ ದೊಡ್ಡದು. ದಿನವೂ ಸುಳ್ಳು ಎಚ್ಚರಿಕೆಯನ್ನು ನೋಡಿ ನೋಡಿ, ಹುಡುಗನು ಎಚ್ಚರಿಕೆಯನ್ನೇ ಲಕ್ಷಿಸದಿರುವುದನ್ನು ಕಲಿತಿದ್ದನು. ತೋಳ ಬಂತೆಂದು ಹುಸಿಯಾಗಿ ಕೂಗಿದ ಕುರಿಗಾಹಿಯ ಕಥೆಯನ್ನು ನಾವೆಲ್ಲರೂ ಬಲ್ಲೆವು. ನಿಜವಾದ ಕಳ್ಳನು ನಡುದಾರಿಯಲ್ಲಿ ಕುಳಿತು ಸುಳ್ಳು ಪತ್ರವನ್ನು ತೋರಿಸಿದ ದಿನವೂ ಆತನ ಬೆರಳು ‘ಮುಂದುವರಿಯಿರಿ’ ಎಂಬುದನ್ನೇ ಒತ್ತುತ್ತಿತ್ತು.

ಎಲ್ಲರೂ ಕೇಳುವಂತೆ ಗುಟ್ಟು ಹೇಳುವುದು

ಪ್ರಮಾಣಪತ್ರವನ್ನು ಒಪ್ಪಿದ ಮೇಲೆ ಎರಡನೆಯ ಕೆಲಸ, ಮಾತುಕತೆಯನ್ನು ಬೇರೆಯವರಿಗೆ ತಿಳಿಯದಂತೆ ಮಾಡುವುದು. ನಮ್ಮ ಸಂದೇಶ ಅಂಗಡಿಯನ್ನು ಸೇರುವ ಮುನ್ನ ಅನೇಕ ಯಂತ್ರಗಳನ್ನು ಹಾದುಹೋಗುತ್ತದೆ. ದಾರಿಯಲ್ಲಿ ಯಾರಾದರೂ ಅದನ್ನು ಓದಬಹುದು. ಗೂಢಲಿಪಿಯಲ್ಲಿ ಬರೆಯೋಣವೆಂದರೆ, ಆ ಲಿಪಿಯ ಕೀಲಿಯನ್ನು ಅಂಗಡಿಗೆ ತಿಳಿಸುವುದು ಹೇಗೆ? ಅದೂ ಅದೇ ದಾರಿಯಲ್ಲಿಯೇ ಹೋಗಬೇಕಲ್ಲವೆ?

ಈ ಒಗಟನ್ನು 1976ರಲ್ಲಿ ಡಿಫಿ ಮತ್ತು ಹೆಲ್ಮನ್ ಎಂಬ ಅಮೆರಿಕದ ವಿದ್ವಾಂಸರು ಬಿಡಿಸಿ ಪ್ರಕಟಿಸಿದರು. ಓದುಗರು ಕಾಗದ ಪೆನ್ಸಿಲುಗಳನ್ನು ತೆಗೆದುಕೊಂಡು ತಾವೇ ಮಾಡಿ ನೋಡಬಹುದು. ನೀವೂ ಅಂಗಡಿಯವನೂ 5 ಮತ್ತು 23 ಎಂಬ ಎರಡು ಸಂಖ್ಯೆಗಳನ್ನು ಬಹಿರಂಗವಾಗಿ ಒಪ್ಪಿಕೊಳ್ಳಿರಿ. ನೀವು 3 ಎಂಬ ಸಂಖ್ಯೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿರಿ. ಆತನು 5 ಎಂಬುದನ್ನು ಇಟ್ಟುಕೊಳ್ಳಲಿ. ನೀವು 5ರ ಮೂರನೆಯ ಘಾತವಾದ 125ನ್ನು 23ರಿಂದ ಭಾಗಿಸಿ, ಶೇಷ 10ನ್ನು ಕೂಗಿ ಹೇಳಿರಿ. ಆತನು 5ರ ಐದನೆಯ ಘಾತವಾದ 3125ನ್ನು 23ರಿಂದ ಭಾಗಿಸಿ, ಶೇಷ 20ನ್ನು ಕೂಗಿ ಹೇಳಲಿ. ಈಗ ನೀವು 20ನ್ನು ಮೂರನೆಯ ಘಾತಕ್ಕೇರಿಸಿ 23ರಿಂದ ಭಾಗಿಸಿದರೆ, ಅಂದರೆ 8000ವನ್ನು ಭಾಗಿಸಿದರೆ, ಶೇಷ 19. ಆತನು 10ನ್ನು ಐದನೆಯ ಘಾತಕ್ಕೇರಿಸಿ, 1,00,000ವನ್ನು 23ರಿಂದ ಭಾಗಿಸಿದರೆ, ಶೇಷ ಅದೇ 19! ಈ 19 ನಿಮ್ಮಿಬ್ಬರ ಗುಟ್ಟು. ನಡುವೆ ಕಿವಿಗೊಟ್ಟವನು 5, 23, 10, 20 ಎಂಬುದನ್ನು ಕೇಳಿದನೇ ಹೊರತು 19 ಎಂಬುದನ್ನು ಕೇಳಲಿಲ್ಲ.

ಇಷ್ಟು ಸಣ್ಣ ಸಂಖ್ಯೆಗಳಾದರೆ ಜಾಣನಾದ ಕಳ್ಳನು ಕ್ಷಣದಲ್ಲಿ ಗುಟ್ಟನ್ನು ಕಂಡುಹಿಡಿಯಬಲ್ಲನು. ಆದರೆ ಇದೇ ಆಟವನ್ನು ಆರುನೂರಕ್ಕೂ ಹೆಚ್ಚು ಅಂಕಿಗಳುಳ್ಳ ಸಂಖ್ಯೆಗಳೊಡನೆ ಆಡಿದರೆ ಇಂದಿನ ಯಾವ ಗಣಕಯಂತ್ರವೂ ಆ ಗುಟ್ಟನ್ನು ಭೇದಿಸಲಾರದು. ಈಗಿನ ಬ್ರೌಸರುಗಳು ಇದೇ ತತ್ತ್ವದ ಸುಧಾರಿತ ರೂಪಗಳನ್ನು ಬಳಸುತ್ತವೆ.

ಹೀಗೆ ಮಾತುಕತೆ ನಡೆಸುವ ಕಟ್ಟಳೆಗೆ ಟಿ.ಎಲ್.ಎಸ್. ಎಂದು ಹೆಸರು. ಇದರ ಮೊದಲ ಆವೃತ್ತಿ 1999ರದು, 1.2 ಎಂಬುದು 2008ರದು, 1.3 ಎಂಬುದು 2018ರದು. ಹಳೆಯ ಆವೃತ್ತಿಗಳಲ್ಲಿ ದೋಷಗಳು ಕಂಡುಬಂದುದರಿಂದ 2021ರ ಮಾರ್ಚಿಯಲ್ಲಿ 1.0 ಮತ್ತು 1.1ನ್ನು ವಿಧಿಪೂರ್ವಕವಾಗಿ ತ್ಯಜಿಸಲಾಯಿತು. ಹೊಸದನ್ನು ಅರಿಯದ ಹಳೆಯ ಬ್ರೌಸರು, ಬದಲಾದ ಭಾಷೆಯ ಊರಿಗೆ ಬಂದ ಮುದುಕನಂತೆ ಬಾಗಿಲಲ್ಲಿಯೇ ನಿಲ್ಲಬೇಕಾಗುವುದು. ಮುದ್ರೆಗಳ ಪಟ್ಟಿಯೂ ಹಳೆಯದಾಗುವುದುಂಟು. 2021ರ ಸೆಪ್ಟೆಂಬರ್ 30ರಂದು ಬಹು ಬಳಕೆಯಲ್ಲಿದ್ದ ಒಂದು ಮೂಲ ಪ್ರಮಾಣಪತ್ರದ ಅವಧಿ ಮುಗಿಯಿತು. ಹೊಸ ಪಟ್ಟಿಯನ್ನು ಪಡೆಯದೆ ಇದ್ದ ಹಳೆಯ ಯಂತ್ರಗಳಲ್ಲಿ ಅದುವರೆಗೆ ಸರಾಗವಾಗಿ ತೆರೆಯುತ್ತಿದ್ದ ಅನೇಕ ಜಾಲತಾಣಗಳು ಅಂದಿನಿಂದ ತೆರೆಯಲಿಲ್ಲ.

ದಾರಿಗೆ ಬೀಗ, ಮನೆಗೆ?

ವಿಳಾಸದ ಬಳಿ ಕಾಣುತ್ತಿದ್ದ ಬೀಗದ ಚಿತ್ರವನ್ನು ನೋಡಿ ಎಲ್ಲವೂ ಕ್ಷೇಮವೆಂದು ತಿಳಿಯುವವರು ಬಹಳ. ಆ ಬೀಗ ದಾರಿಗೆ ಮಾತ್ರ ಹಾಕಿದ್ದು. ಅಂಗಡಿಯವನು ಪ್ರಾಮಾಣಿಕನೆಂದು ಅದು ಹೇಳುವುದಿಲ್ಲ. ಮೋಸದ ಅಂಗಡಿಯೂ ಪ್ರಮಾಣಪತ್ರವನ್ನು ಸುಲಭವಾಗಿ ಪಡೆಯಬಲ್ಲದು. ಈ ತಪ್ಪು ತಿಳಿವಳಿಕೆ ಹರಡಿದ್ದುದರಿಂದಲೇ ಕ್ರೋಮ್ ಬ್ರೌಸರಿನವರು 2023ರಲ್ಲಿ ಬೀಗದ ಚಿತ್ರವನ್ನು ತೆಗೆದುಹಾಕಿದರು. ಅಂತೆಯೇ, ನಮ್ಮ ಮನೆಯೊಳಗೇ ಕಳ್ಳನು ಅವಿತಿದ್ದರೆ ದಾರಿಯ ಬೀಗದಿಂದ ಏನು ಪ್ರಯೋಜನ? ನಾವು ಒತ್ತುವ ಒಂದೊಂದು ಕೀಲಿಯನ್ನೂ ಗುಟ್ಟಾಗಿ ಬರೆದುಕೊಳ್ಳುವ ದುಷ್ಟ ತಂತ್ರಾಂಶಗಳುಂಟು. ಮಾತು ಗೂಢಲಿಪಿಯಾಗುವ ಮೊದಲೇ ಅದು ಅವುಗಳ ಪಾಲಾಗಿರುತ್ತದೆ.

ಹಳೆಯ ಯಂತ್ರಕ್ಕೆ ಈ ಭಯ ಹೆಚ್ಚೇಕೆ? ಯಂತ್ರವನ್ನು ನಡೆಸುವ ಮೂಲ ತಂತ್ರಾಂಶವಾದ ಆಪರೇಟಿಂಗ್ ಸಿಸ್ಟಂನಲ್ಲಿ ಆಗಾಗ ಬಿರುಕುಗಳು ಕಂಡುಬರುತ್ತವೆ. ತಯಾರಕರು ತಿದ್ದುಪಡಿಗಳನ್ನು ಕಳುಹಿಸಿ ಅವುಗಳನ್ನು ಮುಚ್ಚುತ್ತಾರೆ. ಒಂದು ದಿನ ಇದು ನಿಲ್ಲುತ್ತದೆ. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಇದು ನಿಂತಿತು. (ಕೊನೆಯದಕ್ಕೆ, ಹೆಸರನ್ನು ನೋಂದಾಯಿಸಿದ ಗೃಹಬಳಕೆದಾರರಿಗೆ 2026ರ ಅಕ್ಟೋಬರಿನವರೆಗೆ ಭದ್ರತೆಯ ತಿದ್ದುಪಡಿಗಳನ್ನು ಕೊಡುವುದಾಗಿ ತಯಾರಕರು ತಿಳಿಸಿದರು.) ಆ ಬಳಿಕ ಒಂದು ವಿಚಿತ್ರ ಸಂಗತಿ ನಡೆಯುತ್ತದೆ. ಹೊಸ ಆವೃತ್ತಿಗೆ ಬಂದ ತಿದ್ದುಪಡಿಯನ್ನು ಕಳ್ಳರು ಪರಿಶೀಲಿಸಿ, ‘ಇಲ್ಲಿ ಬಿರುಕಿತ್ತು’ ಎಂದು ಅರಿಯುತ್ತಾರೆ. ಅದೇ ಬಿರುಕು ಹಳೆಯದರಲ್ಲಿಯೂ ಇದ್ದರೆ, ಅದು ಮುಚ್ಚದೆ ಹಾಗೆಯೇ ಉಳಿದಿರುತ್ತದೆ. ಪಕ್ಕದ ಮನೆಯ ದುರಸ್ತಿಯೇ ಈ ಮನೆಗೆ ಕನ್ನ ಹಾಕಲು ನಕ್ಷೆಯಾದಂತಾಯಿತು.

ಇದು ಬರಿಯ ಊಹೆಯಲ್ಲ. 2017ರ ಮೇ 12ರಂದು ‘ವಾನ್ನಾಕ್ರೈ’ ಎಂಬ ಪಿಡುಗು ಜಗತ್ತಿನ ಸುಮಾರು 150 ದೇಶಗಳ ಗಣಕಯಂತ್ರಗಳಿಗೆ ಹಬ್ಬಿ, ಕಡತಗಳಿಗೆ ಬೀಗ ಜಡಿದು, ಬಿಡಿಸಲು ಹಣ ಕೇಳಿತು. ಅದು ಹೊಕ್ಕ ಬಿರುಕಿಗೆ ಎರಡು ತಿಂಗಳ ಹಿಂದೆಯೇ, ಮಾರ್ಚಿಯಲ್ಲಿ, ತಿದ್ದುಪಡಿ ಬಂದಿತ್ತು. ಅದನ್ನು ಹಾಕಿಕೊಳ್ಳದಿದ್ದವರೂ, ಹಾಕಿಕೊಳ್ಳಲು ತಿದ್ದುಪಡಿಯೇ ಇಲ್ಲದ ಹಳೆಯ ಆವೃತ್ತಿಯವರೂ ಅದಕ್ಕೆ ಎದೆಯೊಡ್ಡಿ ನಿಂತಿದ್ದರು.

ಹಳೆಯ ದೇಹಕ್ಕೆ ಹೊಸ ಉಸಿರು

ಹಾಗಾದರೆ ಹಳೆಯ ಯಂತ್ರವನ್ನು ಎಸೆಯಬೇಕೆ? ಎಸೆಯುವ ಮೊದಲು ವಿಚಾರಮಾಡುವುದು ಒಳ್ಳೆಯದು. ಅದರಲ್ಲಿ ತಾಮ್ರ, ಅಲ್ಯೂಮಿನಿಯಂಗಳಂತಹ ಬೆಲೆಯುಳ್ಳ ಲೋಹಗಳಲ್ಲದೆ, ಸೀಸದಂತಹ ವಿಷವಸ್ತುಗಳೂ ಇರಬಹುದು. ಮೇಲಾಗಿ, ಮುಪ್ಪು ಬಂದಿರುವುದು ಯಂತ್ರಕ್ಕಲ್ಲ, ಅದರೊಳಗಿನ ತಂತ್ರಾಂಶಕ್ಕೆ.

ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಎಂಬುದು ಇಲ್ಲಿ ಸಹಾಯಕ್ಕೆ ಬರುವುದು. ಇದರ ಲುಬುಂಟು, ಲಿನಕ್ಸ್ ಮಿಂಟ್ ಮೊದಲಾದ ರೂಪಗಳಿಗೆ ಬೆಲೆಯಿಲ್ಲ. ಹಗುರವಾದ ರೂಪಗಳು ಹತ್ತು ಹನ್ನೆರಡು ವರ್ಷದ ಯಂತ್ರದಲ್ಲಿಯೂ ಚೆನ್ನಾಗಿ ನಡೆಯುತ್ತವೆ. ತಿದ್ದುಪಡಿಗಳೂ ಕ್ರಮವಾಗಿ ಬರುತ್ತವೆ. ಯಂತ್ರ 64 ಬಿಟ್ಟಿನದಾಗಿದ್ದು, ನಾಲ್ಕು ಗಿಗಾಬೈಟ್ ಸ್ಮರಣೆಯಿದ್ದರೆ ಸಾಮಾನ್ಯ ಕೆಲಸಕ್ಕೆ ಸಾಕು. 32 ಬಿಟ್ಟಿನ ಬಹು ಹಳೆಯ ಯಂತ್ರಗಳ ಕಾಲ ಮಾತ್ರ ಮುಗಿಯುತ್ತ ಬಂದಿದೆ. ಡೆಬಿಯನ್ ಎಂಬ ಪ್ರಸಿದ್ಧ ರೂಪವೂ 2025ರ ಆವೃತ್ತಿಯಿಂದ ಅವುಗಳಲ್ಲಿ ಹೊಸದಾಗಿ ಸ್ಥಾಪಿಸುವ ಸೌಕರ್ಯವನ್ನು ಕೈಬಿಟ್ಟಿತು. ಅವುಗಳನ್ನು ಬರವಣಿಗೆಗೆ, ಪಾಠಕ್ಕೆ ಇಟ್ಟುಕೊಂಡು, ಹಣದ ವ್ಯವಹಾರದಿಂದ ದೂರವಿಡುವುದು ಲೇಸು. ಹೊಸ ವ್ಯವಸ್ಥೆಯನ್ನು ಹಾಕುವ ಮೊದಲು ಕಡತಗಳನ್ನೆಲ್ಲ ಬೇರೊಂದು ಕಡೆ ನಕಲು ಮಾಡಿಡಬೇಕೆಂಬುದನ್ನು ಮರೆಯಬಾರದು. ‘ಬೀಗ ಒಡೆದ’ ತಂತ್ರಾಂಶಗಳನ್ನು ಪುಕ್ಕಟೆ ಸಿಕ್ಕಿತೆಂದು ಹಾಕಿಕೊಳ್ಳುವುದು ಕಳ್ಳನಿಗೆ ತಾನಾಗಿ ಬೀಗದ ಕೈಯನ್ನು ಕೊಟ್ಟಂತೆ.

ಕೊಳ್ಳುವ ಕ್ರಮ

ಬೆಂಗಳೂರಿಗೆ ಅಂತರ್ಜಾಲದ ವ್ಯಾಪಾರ ಹೊಸದಲ್ಲ. 1999ರಲ್ಲಿಯೇ ಫ್ಯಾಬ್‌ಮಾರ್ಟ್ ಎಂಬ ಅಂಗಡಿ ಇಲ್ಲಿ ಆರಂಭವಾಯಿತು. 2007ರಲ್ಲಿ ಫ್ಲಿಪ್‌ಕಾರ್ಟ್ ಪುಸ್ತಕಗಳ ಮಾರಾಟದಿಂದ ತೊಡಗಿತು. 2010ರಲ್ಲಿ ಅದು ‘ಸಾಮಾನು ಕೈಸೇರಿದ ಮೇಲೆ ಹಣ’ ಎಂಬ ಪದ್ಧತಿಯನ್ನು ತಂದಿತು. ಹಳೆಯ ಯಂತ್ರದವರಿಗೆ ಈ ಪದ್ಧತಿಯ ಗುಣವೇನೆಂದರೆ, ಬ್ಯಾಂಕಿನ ಗುಟ್ಟು ಯಂತ್ರವನ್ನು ಮುಟ್ಟುವುದೇ ಇಲ್ಲ.

ಇದೇ ತತ್ತ್ವವನ್ನು ಬೇರೆ ರೀತಿಯಲ್ಲಿಯೂ ಅನುಸರಿಸಬಹುದು. 2016ರಲ್ಲಿ ಬಂದ ಯು.ಪಿ.ಐ. ಪದ್ಧತಿಯಲ್ಲಿ, ಗಣಕಯಂತ್ರದ ಪರದೆಯ ಮೇಲೆ ಅಂಗಡಿ ತೋರಿಸುವ ಚೌಕದ ಸಂಕೇತವನ್ನು, ತಿದ್ದುಪಡಿಗಳು ಬರುತ್ತಿರುವ ಫೋನಿನಿಂದ ಓದಿಸಿ ಹಣ ಕೊಡಬಹುದು. ಗುಪ್ತಸಂಖ್ಯೆಯನ್ನು ಒತ್ತುವುದು ಫೋನಿನಲ್ಲಿ. ಯಂತ್ರಕ್ಕೆ ಅದರ ಸುಳಿವಿಲ್ಲ. ಆದರೆ ಒತ್ತುವ ಮೊದಲು ಫೋನಿನಲ್ಲಿ ಕಾಣುವ ಹೆಸರನ್ನೂ ಮೊತ್ತವನ್ನೂ ಓದಲೇಬೇಕು. ಗುಪ್ತಸಂಖ್ಯೆ ಬೇಕಾಗುವುದು ಹಣ ಕೊಡುವುದಕ್ಕೆ. ಹಣ ಪಡೆಯುವುದಕ್ಕೆ ಎಂದಿಗೂ ಬೇಡ. ‘ಹಣ ಹಿಂದಿರುಗಿಸುತ್ತೇವೆ, ಸಂಖ್ಯೆಯನ್ನು ಒತ್ತಿರಿ’ ಎನ್ನುವವನು ಕಳ್ಳನೇ ಸರಿ.

ಕಾರ್ಡನ್ನು ಬಳಸುವವರಿಗೂ ಕಾವಲುಗಳುಂಟು. ರಿಸರ್ವ್ ಬ್ಯಾಂಕು 2009ರ ಆಗಸ್ಟ್ 1ರಿಂದ ಅಂತರ್ಜಾಲದ ಕಾರ್ಡು ವ್ಯವಹಾರಕ್ಕೆ ಎರಡನೆಯ ಗುಟ್ಟೊಂದನ್ನು ಕಡ್ಡಾಯ ಮಾಡಿತು. ನಮ್ಮ ಫೋನಿಗೆ ಬರುವ ಒಂದು ಸಲದ ಸಂಖ್ಯೆ ಅದರ ಫಲ. 2022ರ ಅಕ್ಟೋಬರ್ 1ರಿಂದ ಅಂಗಡಿಗಳು ಕಾರ್ಡಿನ ಸಂಖ್ಯೆಯನ್ನು ತಮ್ಮಲ್ಲಿ ಉಳಿಸಿಕೊಳ್ಳುವಂತಿಲ್ಲ. ಅದರ ಬದಲು ಒಂದು ಸಾಂಕೇತಿಕ ಸಂಖ್ಯೆಯನ್ನು ಇಟ್ಟುಕೊಳ್ಳಬಹುದು. ಕಾರ್ಡಿನ ಅಂತರ್ಜಾಲ ಬಳಕೆಯನ್ನು ನಾವೇ ನಿಲ್ಲಿಸುವ, ನಡೆಸುವ, ಮಿತಿ ಹಾಕುವ ಅನುಕೂಲವೂ ಉಂಟು. ಬೇಕಾದಾಗ ತೆರೆದು, ಕೊಂಡ ಮೇಲೆ ಮುಚ್ಚಿಬಿಡುವುದು ಜಾಣತನ.

ವಿಳಾಸವನ್ನು ಓದುವುದಕ್ಕೂ ಒಂದು ಕ್ರಮವಿದೆ. ‘ಕುಂದಲಹಳ್ಳಿ, ಬೆಂಗಳೂರು, ಕರ್ನಾಟಕ’ ಎಂದು ಬರೆದಾಗ ಕೊನೆಯದೇ ದೊಡ್ಡದು. ಮೊದಲಿನದು ಅದರೊಳಗೆ ಅಡಕ. ಜಾಲತಾಣದ ಹೆಸರೂ ಹಾಗೆಯೇ. ಮೊದಲ ಓರೆಗೆರೆಯವರೆಗಿನ ಭಾಗವನ್ನು ಬಲದಿಂದ ಎಡಕ್ಕೆ ಓದಬೇಕು. ಪ್ರಸಿದ್ಧ ಅಂಗಡಿಯ ಹೆಸರು ಎಡತುದಿಯಲ್ಲಿದ್ದು, ಬಲತುದಿಯಲ್ಲಿ ಕಂಡರಿಯದ ಹೆಸರಿದ್ದರೆ ಆ ಅಂಗಡಿ ಕಂಡರಿಯದವನದೇ. ಬ್ಯಾಂಕುಗಳನ್ನು ಗುರುತಿಸುವುದು ಸುಲಭವಾಗಲೆಂದು, ಅವುಗಳ ವಿಳಾಸಗಳು 2025ರ ಅಕ್ಟೋಬರ್ 31ರೊಳಗೆ ‘.ಬ್ಯಾಂಕ್.ಇನ್’ ಎಂಬ ತುದಿಗೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕು ಆಜ್ಞೆ ಮಾಡಿತು. ಸಂದೇಶದಲ್ಲಿ ಬಂದ ಕೊಂಡಿಯನ್ನು ಒತ್ತುವುದಕ್ಕಿಂತ ವಿಳಾಸವನ್ನು ನಾವೇ ಬರೆಯುವುದು ಮೇಲು.

ಇಷ್ಟಾದರೂ ಮೋಸವಾದರೆ? ನಾಚಿಕೊಂಡು ಸುಮ್ಮನಿರುವುದೇ ದೊಡ್ಡ ನಷ್ಟ. ಕೂಡಲೇ ಬ್ಯಾಂಕಿಗೂ, 1930 ಎಂಬ ರಾಷ್ಟ್ರೀಯ ಸಹಾಯವಾಣಿಗೂ ತಿಳಿಸಬೇಕು. ಹಣ ಖಾತೆಯಿಂದ ಖಾತೆಗೆ ಹಾರುವ ಮುನ್ನ ಅದನ್ನು ತಡೆಹಿಡಿಯುವ ಅವಕಾಶ ಮೊದಲ ಗಂಟೆಗಳಲ್ಲಿಯೇ ಹೆಚ್ಚು. ಬ್ಯಾಂಕಿನದೂ ಗ್ರಾಹಕನದೂ ಅಲ್ಲದ ತಪ್ಪಿನಿಂದ ಹಣ ಹೋದಾಗ, ಬ್ಯಾಂಕಿನಿಂದ ಸುದ್ದಿ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕನಿಗೆ ನಷ್ಟದ ಹೊಣೆಯಿಲ್ಲವೆಂದು ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಹೇಳಿತು. ಗುಟ್ಟನ್ನು ತಾನೇ ಬಿಟ್ಟುಕೊಟ್ಟವನಿಗಾದರೋ, ತಿಳಿಸುವವರೆಗಿನ ನಷ್ಟ ತನ್ನದೇ ಎಂದೂ ಆ ಸುತ್ತೋಲೆ ಹೇಳಿತು. ಬೆಂಗಳೂರಿನಲ್ಲಿ 2001ರಲ್ಲಿಯೇ ಸೈಬರ್ ಅಪರಾಧಗಳಿಗೆಂದು ಪ್ರತ್ಯೇಕ ಪೊಲೀಸ್ ಠಾಣೆ ಸ್ಥಾಪಿತವಾಯಿತು. ವೈಟ್‌ಫೀಲ್ಡ್ ವಿಭಾಗಕ್ಕೂ ಅಂತಹ ಠಾಣೆಯಿದೆ.

ನಮ್ಮ ಹುಡುಗನ ಯಂತ್ರದಲ್ಲಿದ್ದುದು ವಿಂಡೋಸ್ 7. ಗಡಿಯಾರ ಸರಿಹೋದ ಮೇಲೂ ಅದರಲ್ಲಿ ಹಣದ ವ್ಯವಹಾರ ಬೇಡವೆಂದು ಹೇಳಿದೆನು. ಭಾನುವಾರ ಇಬ್ಬರೂ ಕುಳಿತು, ಆತನ ಟಿಪ್ಪಣಿಗಳನ್ನು ನಕಲು ಮಾಡಿಟ್ಟು, ಲಿನಕ್ಸನ್ನು ಹಾಕಿದೆವು. ಪುಸ್ತಕಕ್ಕೆ ಹೇಳಿಕಳುಹಿಸಿ, ಹಣವನ್ನು ಬಾಗಿಲಲ್ಲಿ ಕೊಡುವುದಾಗಿ ಬರೆದನು. ನಾಲ್ಕನೆಯ ದಿನ ಪೊಟ್ಟಣ ಬಂದಿತು. ಉಳಿದ ಹಣದಲ್ಲಿ ಪರೀಕ್ಷೆಯ ಶುಲ್ಕವನ್ನೂ ಕಟ್ಟಿದನು.

ಕೆಲವು ವಾರಗಳ ಬಳಿಕ ಆತನು ಮತ್ತೆ ಬಂದನು. “ಸಾರ್, ಇವತ್ತು ಒಂದು ಪುಟ ಕೆಂಪಗೆ ಬಂತು. ಗಡಿಯಾರ ನೋಡಿದೆ, ಸರಿಯಾಗಿಯೇ ಇತ್ತು. ಅದಕ್ಕೇ ಮುಚ್ಚಿಬಿಟ್ಟೆ” ಎಂದನು. ಆತನು ಕಲಿಯಬೇಕಾದುದನ್ನು ಕಲಿತಿದ್ದನು.